ಕಡಲಡಿಯ ಮರಳಿನ ವಯಸ್ಸು

ದಡದಿಂದ ದೂರ ಸರಿದಷ್ಟೂ ಸಮುದ್ರತಳದ ಮಣ್ಣು ನಯವಾಗುತ್ತ ಹೋಗುವುದೆಂಬ ನಂಬುಗೆಗೆ ಯುಕ್ತಿಯ ಬೆಂಬಲ ಇಲ್ಲದಿಲ್ಲ. ನದಿ ತರುವ ದಪ್ಪ ಮರಳು ತನ್ನ ಭಾರದಿಂದಲೇ ದಡದ ಬಳಿ ಕೆಳಗಿಳಿಯಬೇಕು, ಹಗುರವಾದ ಹೂಳು ಮಾತ್ರ ಮುಂದೆ ಸಾಗಬೇಕು. ಆದರೆ ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯ ಮುಂದೆ ಹರಡಿರುವ ಖಂಡಾವರಣ ಪ್ರದೇಶವು ಈ ತರ್ಕವನ್ನು ತಲೆಕೆಳಗು ಮಾಡಿದೆ. ದಡದಂಚಿನ ಕಿರಿದಾದ ಮರಳಪಟ್ಟಿಯನ್ನು ದಾಟಿದೊಡನೆ, ಕಾಳಿ, ಶರಾವತಿ, ನೇತ್ರಾವತಿಗಳು ಘಟ್ಟದಿಂದಿಳಿಸಿ ತಂದ ಕೆಸರು ಸುಮಾರು 50 ಮೀಟರ್ ಆಳದವರೆಗೂ ಹಾಸಿಕೊಂಡಿದ್ದು, ಅದರಾಚೆಗೆ, ಇನ್ನೂ ನುಣ್ಣನೆಯ ಮಣ್ಣಿರಬೇಕಾದೆಡೆಯಲ್ಲಿ, ಮರಳು ಮತ್ತೆ ಕಾಣಿಸಿಕೊಳ್ಳುತ್ತದೆ. ಸಿಗಡಿಗಾಗಿ ಬಲೆಯೆಳೆಯುವವರಿಗೆ ಈ ಕೆಸರು ಹೊಸತಲ್ಲ. ಅಚ್ಚರಿಯೆಲ್ಲ ದಡದಲ್ಲಿ ಕುಳಿತು ತರ್ಕಿಸಿದವರದು.

ಈ ಹೊರಮರಳನ್ನು ಇಂದಿನ ನದಿಗಳೇ ಹೊತ್ತು ತಂದುವೆಂದು ಭಾವಿಸುವುದು ಮತ್ತೊಂದು ಭ್ರಮೆ. ಅದರಲ್ಲಿ ಬಹುಭಾಗ ಸುಣ್ಣದ್ದು: ಚಿಪ್ಪಿನ ಚೂರುಗಳು, ಮೀನಿನ ತತ್ತಿಯಂತೆ ದುಂಡಗಿರುವ ಕಣಗಳು, ಫೊರಾಮಿನಿಫೆರಗಳೆಂಬ ಏಕಕೋಶಜೀವಿಗಳ ಕವಚಗಳು. ಅಲೆಗಳು ಸದಾ ಹೊರಳಾಡಿಸುವ ಆಳವಿಲ್ಲದ ನೀರಿನಲ್ಲಲ್ಲದೆ ಆ ದುಂಡುಕಣಗಳು ರೂಪುಗೊಳ್ಳವು. ಇಂದಾದರೋ ಅವು ಅಲೆಯ ಕೈಗೆಟುಕದ ಆಳದಲ್ಲಿ ಬಿದ್ದಿವೆ. ಸುಮಾರು 20,000 ವರ್ಷಗಳ ಹಿಂದೆ, ಹಿಮಯುಗದ ಪರಾಕಾಷ್ಠೆಯಲ್ಲಿ, ಸಮುದ್ರಮಟ್ಟವು ಇಂದಿಗಿಂತ 120 ಮೀಟರಿನಷ್ಟು ಕೆಳಗಿತ್ತೆಂಬುದನ್ನೂ, ಹಿಮ ಕರಗಿದಂತೆಲ್ಲ ಏರಿಬಂದ ನೀರು ತನ್ನ ತೀರಗಳನ್ನು ತಾನೇ ಮುಳುಗಿಸುತ್ತ ನೆಲದತ್ತ ಸರಿಯಿತೆಂಬುದನ್ನೂ ನೆನೆದಲ್ಲಿ ಈ ತೊಡಕು ಬಿಡಿಸಿಕೊಳ್ಳುತ್ತದೆ. ವಿಕಿರಣಶೀಲ ಇಂಗಾಲದ ಗಣನೆಯೂ ಪಶ್ಚಿಮ ಖಂಡಾವರಣದ ಈ ಸುಣ್ಣದ ಮರಳಿಗೆ ಬಹುಮಟ್ಟಿಗೆ 9,000ದಿಂದ 11,000 ವರ್ಷಗಳ ವಯಸ್ಸನ್ನು ಕೊಡುತ್ತದೆ. ಇಂದಿನ ಹೂಳು ಅಷ್ಟು ದೂರ ತಲಪದ ಕಾರಣ ಅದು ಮುಚ್ಚಿಹೋಗದೆ ಉಳಿದಿದೆ.

ಪಳೆಯುಳಿಕೆಯೆಂದೊಡನೆ ದೈತ್ಯಾಸ್ಥಿಗಳನ್ನೇ ನೆನೆಯುವವರಿಗೆ, ಬಹುತೇಕ ಒಂದು ಮಿಲಿಮೀಟರಿಗೂ ಕಿರಿದಾದ ಈ ಕವಚಗಳ ಸಾಕ್ಷ್ಯ ಕ್ಷುದ್ರವೆನಿಸಬಹುದು. ಆದರೆ ಅಮ್ಮೋನಿಯ ಎಂಬ ಕುಲ ಅಳಿವೆಯ ಸಪ್ಪೆನೀರನ್ನೂ ಸಹಿಸಿ ದಡದ ಕೆಸರಿನಲ್ಲಿ ಬಾಳುತ್ತದೆ. ಗ್ಲೋಬಿಜೆರಿನದಂಥ ತೇಲುವ ಕುಲಗಳ ಪಾಲು ಆಳ ಹೆಚ್ಚಿದಂತೆ ಹೆಚ್ಚುತ್ತದೆ. ಹೀಗಾಗಿ ಚಿಟಿಕೆ ಮಣ್ಣೊಂದೇ ಅಂದಿನ ನೀರಿನ ಆಳವನ್ನು ಸೂಚಿಸಬಲ್ಲುದು. ಕವಚ ಸಿಕ್ಕಿದೆಡೆಯಲ್ಲೇ ಜೀವಿ ಬದುಕಿತ್ತೆಂದು ಮಾತ್ರ ಹೇಳಲಾಗದು, ಪ್ರವಾಹಗಳು ಸತ್ತ ಕವಚಗಳನ್ನು ಸಾಗಿಸುತ್ತವೆ. ಅದಕ್ಕೆಂದೇ ಸಂಶೋಧಕರು ಹಸಿಮಣ್ಣಿಗೆ ರೋಸ್ ಬೆಂಗಾಲ್ ಎಂಬ ಬಣ್ಣವನ್ನು ಬೆರೆಸಿ, ಜೀವದ್ರವ್ಯವಿರುವ ಕವಚಗಳು ಗುಲಾಬಿಯಾಗುವುದನ್ನು ನೋಡಿ ಜೀವಂತವಾದುವನ್ನು ಬೇರ್ಪಡಿಸುತ್ತಾರೆ. ಈ ಪರೀಕ್ಷೆಯೂ ನಿರ್ದುಷ್ಟವಲ್ಲ. ಸತ್ತು ಕೆಲಕಾಲವಾದರೂ ಕೊಳೆಯದೆ ಉಳಿದ ಜೀವದ್ರವ್ಯವೂ ಅದೇ ಬಣ್ಣವನ್ನು ಹೀರುತ್ತದೆ.