ಕ್ರೇನುಗಳು ಉಳಿದವು

ಲಂಡನ್ನಿಗೆ ಮಕ್ಕಳ ಮನೆಗೆ ಬಂದಿದ್ದ ನಾವು ಎಂಟು ಮಂದಿ ನಿವೃತ್ತರು ಬುತ್ತಿ ಕಟ್ಟಿಕೊಂಡು, ಚಾಲಕನಿಲ್ಲದ ಲಘು ರೈಲು ಹತ್ತಿ ಕ್ಯಾನರಿ ವಾರ್ಫ್ ನೋಡಲು ಹೊರಟೆವು. 1802ರಲ್ಲಿ ತೆರೆದ ವೆಸ್ಟ್ ಇಂಡಿಯಾ ಹಡಗುಕಟ್ಟೆಗಳಿದ್ದ ಸ್ಥಳವಿದು. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರು ಬೆವರು ಸುರಿಸಿ ತೆಗೆದ ಸಕ್ಕರೆ ಇಲ್ಲಿಯೇ ಇಳಿಯುತ್ತಿತ್ತು. ಕಂಟೇನರ್ ಹಡಗುಗಳ ಕಾಲ ಬಂದಾಗ ವ್ಯಾಪಾರ ಟಿಲ್ಬರಿಯತ್ತ ಸರಿಯಿತು. 1980ರಲ್ಲಿ ಕಟ್ಟೆಗಳು ಮುಚ್ಚಿದವು.

ಈಗ ಅದೇ ನೀರಿನ ಸುತ್ತ ಬ್ಯಾಂಕುಗಳ ಗಾಜಿನ ಗೋಪುರಗಳು. "ಸರ್ಕಾರ ಕೈಹಾಕದಿದ್ದರೆ ಹೀಗೆ ಬೆಳೆಯುತ್ತದೆ ನೋಡಿ ಸಾರ್" ಎಂದರು ಮಿತ್ರರೊಬ್ಬರು. ನನಗೆ ನಗು ಬಂತು. 1981ರಲ್ಲಿ ಅಭಿವೃದ್ಧಿ ನಿಗಮ ಸ್ಥಾಪಿಸಿದ್ದು ಸರ್ಕಾರವೇ. ಮರುವರ್ಷ ಉದ್ದಿಮೆಗಳಿಗೆ ಹತ್ತು ವರ್ಷಗಳ ಕಟ್ಟಡ ತೆರಿಗೆ ವಿನಾಯಿತಿ ಕೊಟ್ಟದ್ದೂ ಅದೇ. 1987ರಲ್ಲಿ ಆರಂಭವಾದ ಈ ರೈಲೂ ಸಾರ್ವಜನಿಕ ಹಣದ್ದು. ಇಷ್ಟಾಗಿಯೂ ಗೋಪುರಗಳನ್ನು ಕಟ್ಟಿದ ಕಂಪನಿ 1992ರಲ್ಲಿ ದಿವಾಳಿಯಾಯಿತು!

ವಿನಾಯಿತಿಯ ಕಡತಗಳನ್ನು ಸೇವೆಯಲ್ಲಿದ್ದಾಗ ನಾನೂ ಬರೆದವನೇ. 'ಎಷ್ಟು ಉದ್ಯೋಗ' ಎಂದು ಕೇಳುತ್ತಿದ್ದೆವು. 'ಯಾರಿಗೆ' ಎಂದು ಕೇಳಿದ ನೆನಪಿಲ್ಲ. ಮೂಟೆ ಹೊತ್ತ ತೋಳಿಗೆ ಬ್ಯಾಂಕಿನಲ್ಲೇನು ಕೆಲಸ?

ಸಕ್ಕರೆಯ ಹಳೆಯ ಗೋದಾಮೊಂದು 2003ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಮುಂದಿದ್ದ, ಗುಲಾಮರ ಒಡೆಯ ರಾಬರ್ಟ್ ಮಿಲ್ಲಿಗನ್‌ನ ಪ್ರತಿಮೆಯನ್ನು 2020ರಲ್ಲಿ ತೆಗೆದರು. ದಂಡೆಯ ಹಳೆಯ ಕ್ರೇನುಗಳನ್ನು ಮಾತ್ರ ಅಲಂಕಾರಕ್ಕೆಂದು ಉಳಿಸಿಕೊಂಡಿದ್ದಾರೆ. ಬುತ್ತಿ ಮುಗಿಸಿ, ಅವುಗಳ ಮುಂದೆ ಸಾಲಾಗಿ ನಿಂತು ನಾವೂ ಫೋಟೊ ತೆಗೆಸಿಕೊಂಡೆವು.