ಹೊತ್ತಿಗಾದ ನೆಂಟರು

ತವರಿನ ನೆರವಿಲ್ಲದ ಬಾಣಂತಿ, ಮಕ್ಕಳು ದೂರದ ಊರು ಸೇರಿದ ಒಂಟಿ ಮುದುಕಿ, ತಾಯಿ ಆಸ್ಪತ್ರೆಗೆ ಹೋದ ಮನೆಯ ಎಳೆಯ ಮಕ್ಕಳು—ಇವರಿಗೆ ಬೇಕಾದ ಔಷಧವನ್ನು ವೈದ್ಯರು ಕೊಟ್ಟಾರು. ಆದರೆ ಒಲೆ ಹೊತ್ತಿಸಿ, ಒಂದು ಹೊತ್ತಿನ ಅಡಿಗೆ ಮಾಡಿ ಬಡಿಸುವವರಾರು? ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸ್ಥಳೀಯ ಕೌನ್ಸಿಲುಗಳು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ‘ಹೋಮ್ ಹೆಲ್ಪ್’. ಅಂದರೆ, ಕೌನ್ಸಿಲೇ ಸಂಬಳ ಕೊಟ್ಟು ಕಷ್ಟದಲ್ಲಿರುವ ಮನೆಗೆ ಕಳುಹಿಸುವ ಗೃಹಸಹಾಯಕಿ.

ಈ ವ್ಯವಸ್ಥೆ ಮೊದಲಾದದ್ದು ಬಾಣಂತಿಯ ಕೋಣೆಯಿಂದ. 1918ರ ಮಾತೃ ಮತ್ತು ಶಿಶು ಕಲ್ಯಾಣ ಶಾಸನವು ಗರ್ಭಿಣಿಯರ, ಬಾಣಂತಿಯರ ಮನೆಗಳಿಗೆ ಇಂಥ ನೆರವನ್ನೀಯಲು ಅವಕಾಶ ಕಲ್ಪಿಸಿತು. ಎರಡನೆಯ ಮಹಾಯುದ್ಧ ಬಂದಿತು. ಗಂಡಸರು ರಣರಂಗಕ್ಕೂ ಹೆಂಗಸರು ಕಾರ್ಖಾನೆಗಳಿಗೂ ತೆರಳಿದರು. ರೋಗಿಗಳನ್ನೂ ವೃದ್ಧರನ್ನೂ ನೋಡಿಕೊಳ್ಳುವವರಿಲ್ಲದಾಗಲು, 1944ರಲ್ಲಿ ಅವರ ಮನೆಗಳಿಗೂ ನೆರವು ವಿಸ್ತರಿಸಿತು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಗೃಹಸಹಾಯವೂ ಅದರ ಅಂಗವಾಯಿತು. ವೈದ್ಯರ ಚಿಕಿತ್ಸೆ ಉಚಿತ. ಈ ನೆರವಿಗೆ ಮಾತ್ರ ಉಳ್ಳವರಿಂದ ಶಕ್ತ್ಯನುಸಾರ ಶುಲ್ಕ ಪಡೆಯುವ ಅಧಿಕಾರ ಕೌನ್ಸಿಲಿಗಿತ್ತು.

ಸಹಾಯಕಿಯರಲ್ಲಿ ಬಹುಮಂದಿ ದಿನಕ್ಕೆ ಕೆಲವೇ ಗಂಟೆ ದುಡಿಯುವ ಗೃಹಿಣಿಯರು. ಯಾವ ಮನೆಗೆ ಎಷ್ಟು ಹೊತ್ತು ಎಂಬುದನ್ನು ಮೇಲ್ವಿಚಾರಕಿಯು ಸ್ವತಃ ಹೋಗಿ ನೋಡಿ ಗೊತ್ತುಮಾಡುತ್ತಿದ್ದಳು. ಚಳಿಗಾಲದ ಮುಂಜಾನೆ ಬಂದಾಕೆಗೆ ಮೊದಲ ಕೆಲಸವೆಂದರೆ ಅಗ್ಗಿಷ್ಟಿಕೆಯ ಬೂದಿ ತೆಗೆದು, ಕಲ್ಲಿದ್ದಲು ತುಂಬಿ, ಬೆಂಕಿ ಹೊತ್ತಿಸುವುದು. ಅನಂತರ ಹಾಸಿಗೆ ಸರಿಪಡಿಸುವುದು, ಬಟ್ಟೆ ಒಗೆಯುವುದು, ಅಂಗಡಿಯಿಂದ ಸಾಮಾನು ತರುವುದು, ಅಡಿಗೆ ಮಾಡುವುದು. ಶುಶ್ರೂಷೆ ದಾದಿಯ ಕೆಲಸ; ಆಕೆಯದಲ್ಲ. ಆದರೆ ಪಟ್ಟಿಯಲ್ಲಿಲ್ಲದ ಕೆಲಸವೂ ಒಂದಿತ್ತು. ದಿನವೆಲ್ಲ ಯಾರ ದನಿಯನ್ನೂ ಕೇಳದ ಮುದುಕಿಗೆ, ಬಾಗಿಲು ತಟ್ಟಿ “ಹೇಗಿದ್ದೀರಿ?” ಎಂದು ವಿಚಾರಿಸುವವಳು ಆಕೆಯೊಬ್ಬಳೇ.

ಈ ನೆರವಿನ ಬೆಲೆ ತಿಳಿಯಬೇಕಾದರೆ ಅದಿಲ್ಲದಿದ್ದರೆ ಏನಾಗುತ್ತಿತ್ತೆಂದು ಯೋಚಿಸಬೇಕು. ಕೈಲಾಗದ ವೃದ್ಧರಿಗೆ ಉಳಿಯುತ್ತಿದ್ದುದು ಆಸ್ಪತ್ರೆಯ ಮಂಚ, ಇಲ್ಲವೇ ವೃದ್ಧಾಶ್ರಮ. ಹಳೆಯ ಬಡವರ ಗಂಜಿಕೇಂದ್ರಗಳನ್ನು ಕಣ್ಣಾರೆ ಕಂಡಿದ್ದ ಆ ತಲೆಮಾರಿಗೆ ಅಂಥ ಕಟ್ಟಡದ ಹೆಸರೇ ಭೀತಿ. ತಾಯಿ ಹಾಸಿಗೆ ಹಿಡಿದರೆ ಮಕ್ಕಳು ಮನೆ ಬಿಟ್ಟು ಪರರ ಆಶ್ರಯಕ್ಕೆ ಹೋಗಬೇಕಿತ್ತು. ಪೊರಕೆ ಹಿಡಿದು ಬಂದಾಕೆ ಇಂಥ ಎಷ್ಟೋ ಸಂಸಾರಗಳು ಒಡೆಯದಂತೆ ಕಾದಳು.

ಕೊರತೆಗಳೂ ಇಲ್ಲದಿರಲಿಲ್ಲ. ಮೊದಲಿಗೆ ಇದು ಕೌನ್ಸಿಲಿನ ಇಚ್ಛೆಗೆ ಬಿಟ್ಟದ್ದು. ಕರ್ತವ್ಯವೆನಿಸಿದ್ದು 1968ರ ಶಾಸನದ ಮೇರೆಗೆ, 1971ರಲ್ಲಿ. 1993ರಿಂದೀಚೆಗೆ ವ್ಯವಸ್ಥೆಯ ಸ್ವರೂಪವೇ ಮಾರ್ಪಟ್ಟಿತು. ತೀರ ಅಶಕ್ತರಿಗೆ ಸ್ನಾನ ಮಾಡಿಸುವುದು, ಉಡಿಸುವುದು, ಉಣಿಸುವುದು ಮುಖ್ಯವಾಗಿ, ಗುಡಿಸುವ, ಸಾಮಾನು ತರುವ ಕೆಲಸಗಳು ಹಿಂದೆ ಬಿದ್ದವು. ಕೆಲಸದ ಬಹುಪಾಲು ಖಾಸಗಿ ಸಂಸ್ಥೆಗಳ ಪಾಲಾಯಿತು. ಕೆಲವೆಡೆ ಒಂದು ಭೇಟಿಗೆ ಹದಿನೈದೇ ನಿಮಿಷ. ಅಷ್ಟರಲ್ಲಿ ಮೈ ತೊಳೆಯಬಹುದು, ಮಾತಾಡಲಾಗದು.

ಹೊತ್ತಿಗಾದವನೇ ನೆಂಟನೆಂಬುದು ಹಿರಿಯರ ಮಾತು. ಸಂಬಳಕ್ಕೆ ಬಂದರೂ ನೆಂಟಳಂತೆ ಒದಗಿದ ಆ ಸಾಮಾನ್ಯ ಗೃಹಿಣಿಯನ್ನು ಕಂಡು, ಮನೆಗೆಲಸವನ್ನು ಕೀಳೆಂದು ಯಾರು ತಾನೇ ಹೇಳಿಯಾರು?