ಸಂಧಾನದ ಮಾತು: ಗುಟ್ಟು ಎಲ್ಲಿಯವರೆಗೆ?

ರಾಜಧಾನಿಯ ಮಗ್ಗುಲಲ್ಲಿರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಭೂಮಿಯ ಬೆಲೆ ಏರಿದಂತೆಲ್ಲ ಒಡಹುಟ್ಟಿದವರ ಮನಸ್ಸು ದೂರವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಇಂತಹ ವ್ಯಾಜ್ಯಗಳು ರಾಜಿ ಸಂಧಾನದಲ್ಲಿ ತೀರುವುದು ಶ್ರೇಯಸ್ಕರವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಸದ್ಭಕ್ತರನ್ನು ಒಂದು ಸಂದೇಹ ಕಾಡುತ್ತದೆ: ಸಂಧಾನದಲ್ಲಿ ಮನಬಿಚ್ಚಿ ಆಡಿದ ಮಾತು ನಾಳೆ ನ್ಯಾಯಾಲಯದಲ್ಲಿ ನಮ್ಮ ಮೇಲೆಯೇ ತಿರುಗಿದರೆ?

ಈ ಭಯವನ್ನು ನೀಗಿಸಲೆಂದೇ ಗೌಪ್ಯತೆಯ ನಿಯಮವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನ ಮೇರೆಗೆ ನ್ಯಾಯಾಲಯವು ವ್ಯಾಜ್ಯವನ್ನು ಮಧ್ಯಸ್ಥಿಕೆಗೆ ಕಳುಹಿಸಬಹುದು. ನಮ್ಮ ರಾಜ್ಯದಲ್ಲಿ ಇದಕ್ಕೆ 2005ರ ಮಧ್ಯಸ್ಥಿಕೆ ನಿಯಮಗಳಿವೆ. ಸಂಧಾನ ಮುರಿದುಬಿದ್ದರೆ ‘ಫಲಿಸಲಿಲ್ಲ’ ಎಂದಷ್ಟೇ ಮಧ್ಯಸ್ಥಗಾರರು ತಿಳಿಸಬೇಕು, ಯಾರು ಏನೆಂದರೆಂದು ಬರೆಯಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿತು. ಆದುದರಿಂದ ‘ಎರಡು ಎಕರೆ ಬಿಟ್ಟುಕೊಡುತ್ತೇನೆ’ ಎಂದು ತಮ್ಮನು ಅಲ್ಲಿ ಆಡಿದ ಮಾತು ಅವನ ಕೊರಳಿಗೆ ಉರುಳಾಗದು.

ಆದರೆ ಈ ರಕ್ಷಣೆಗೂ ಎಲ್ಲೆಯುಂಟು. ಮೊದಲನೆಯದಾಗಿ, ಗುಟ್ಟು ಮಾತಿಗೇ ಹೊರತು ವಸ್ತುಸ್ಥಿತಿಗಲ್ಲ. ಪಹಣಿ, ಕ್ರಯಪತ್ರಗಳನ್ನು ಸಂಧಾನದಲ್ಲಿ ತೋರಿಸಿದ ಮಾತ್ರಕ್ಕೆ ಅವು ರಹಸ್ಯವಾಗುವುದಿಲ್ಲ. ಎರಡನೆಯದಾಗಿ, ಉಭಯರೂ ಸಹಿ ಮಾಡಿದ ರಾಜಿಪತ್ರವನ್ನು ನೋಂದಣಿಗೂ ಜಾರಿಗೂ ಹೊರತೆಗೆಯಲೇಬೇಕಾಗುತ್ತದೆ.

ಮೂರನೆಯದೇ ಮುಖ್ಯವಾದುದು: ದುರ್ಬಲರ ರಕ್ಷಣೆ. ಮಗುವಿನ ಪಾಲನೆಯ ಪ್ರಕರಣವೊಂದರಲ್ಲಿ, ಮಗುವಿನ ಮನಃಸ್ಥಿತಿಯನ್ನು ಕುರಿತ ಆಪ್ತಸಮಾಲೋಚಕರ ವರದಿಗೆ ಈ ಗೌಪ್ಯತೆ ಅಡ್ಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 2023ರ ಮಧ್ಯಸ್ಥಿಕೆ ಕಾಯಿದೆಯೂ ಅಪರಾಧದ ಬೆದರಿಕೆ ಅಥವಾ ಸಂಚು, ಕೌಟುಂಬಿಕ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ಇವುಗಳನ್ನು ಗೌಪ್ಯತೆಯ ರಕ್ಷಣೆಯಿಂದ ಹೊರಗಿರಿಸಿದೆ. ಆದರೆ 2023ರ ಅಕ್ಟೋಬರ್ 9ರಂದು ಜಾರಿಗೆ ಬಂದ ಕಲಮುಗಳಲ್ಲಿ ಗೌಪ್ಯತೆಯ ಕಲಮುಗಳು ಸೇರಿರಲಿಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೊಡನೆ ಪೊಲೀಸರಿಗೆ ತಿಳಿಸುವುದಂತೂ 2012ರ ಪೋಕ್ಸೊ ಕಾಯಿದೆಯಂತೆ ಎಲ್ಲರ ಕರ್ತವ್ಯ. 1990ರಲ್ಲಿ ಅಮೆರಿಕೆಯ ಮಿನ್ನೆಸೋಟದಲ್ಲಿ, ರಾಜಿ ಮುರಿದರೆ ತಾವು ಮೊಕದ್ದಮೆ ನಡೆಸುವುದಿಲ್ಲವೆಂದು ಉಭಯ ವಕೀಲರೂ ಮೊದಲೇ ಒಪ್ಪಿ ಕೂರುವ ಪದ್ಧತಿ ಆರಂಭವಾಯಿತು. ಮುಂದೆ ಅದಕ್ಕೆ ರೂಪಿಸಿದ ಮಾದರಿ ಕಾಯಿದೆಯಲ್ಲಿಯೂ ಇಂತಹ ವಿನಾಯಿತಿಗಳಿವೆ.

ಹಾಗಾದರೆ ಮಠದ ಜಗಲಿಯಲ್ಲಿ, ಹಿರಿಯರ ಸಮ್ಮುಖದಲ್ಲಿ ನಡೆಯುವ ಪಂಚಾಯಿತಿಯ ಗತಿಯೇನು? ಅದು ನ್ಯಾಯಾಲಯವು ಕಳುಹಿಸಿದ ಮಧ್ಯಸ್ಥಿಕೆಯಲ್ಲವಾದುದರಿಂದ 2005ರ ನಿಯಮಗಳ ಆಸರೆ ಅದಕ್ಕಿಲ್ಲ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 21ನೆಯ ಕಲಮಿನಂತೆ, ಸಾಕ್ಷ್ಯವಾಗಿ ಬಳಸಬಾರದೆಂಬ ಷರತ್ತಿನ ಮೇಲೆ ಮಾಡಿದ ಒಪ್ಪಿಗೆಯು ಸಿವಿಲ್ ವ್ಯಾಜ್ಯದಲ್ಲಿ ಸಾಕ್ಷ್ಯವಾಗದು. ಆದಕಾರಣ ಮಾತಿಗೆ ಕೂರುವ ಮುನ್ನವೇ ‘ಇಲ್ಲಿನ ಮಾತುಗಳನ್ನು ಯಾರೂ ನ್ಯಾಯಾಲಯದಲ್ಲಿ ಬಳಸತಕ್ಕದ್ದಲ್ಲ’ ಎಂದು ಬರೆದು, ಉಭಯರೂ ಸಹಿ ಮಾಡುವುದು ಲೇಸು. ಕ್ರಿಮಿನಲ್ ಪ್ರಕರಣಕ್ಕೆ ಈ ಷರತ್ತು ಅನ್ವಯಿಸದು.

ಸೊಸೆಯ ಮೈಮೇಲಿನ ಬಾಸುಂಡೆಯನ್ನೂ ಮಗುವಿನ ಅಳಲನ್ನೂ ‘ಮನೆಯ ಗುಟ್ಟು’ ಎಂದು ಮುಚ್ಚಿಡುವ ಹಿರಿತನವು ಹಿರಿತನವಲ್ಲ. ರಾಜಿಗಾಗಿ ಬಾಗಿದವನ ಮಾತನ್ನು ಕಾಯಬೇಕು. ಅನ್ಯಾಯಕ್ಕೊಳಗಾದವರ ಮೊರೆಯನ್ನು ಕೇಳಬೇಕು. ಸಂಧಾನಕ್ಕೆ ಕೂರುವ ಹಿರಿಯರು ಈ ವಿವೇಕವನ್ನು ಮರೆಯದಿರಲೆಂದು ಹಾರೈಸುತ್ತೇವೆ.